ದಿವಾನ್ ರಂಗಾಚಾರ್ಲು ಮತ್ತು ಮೈಸೂರು ಪ್ರಜಾಪ್ರತಿನಿಧಿ ಸಭೆ

ಪ್ರಜೆಗಳ ಯೋಗಕ್ಷೇಮವೇ ರಾಜಧರ್ಮದ ಮೂಲವೆಂಬುದು ನಮ್ಮ ಪ್ರಾಚೀನರೆಲ್ಲರಿಗೂ ಸಮ್ಮತವಾದ ವಿಷಯವು. ಸಭೆ, ಸಮಿತಿ ಎಂಬ ಹೆಸರುಗಳು ವೇದಕಾಲದಲ್ಲಿಯೇ ಇದ್ದುವೆಂಬುದನ್ನೂ ವಿದ್ವಾಂಸರು ಬಲ್ಲರು. ಆದರೆ ಸಂಸ್ಥಾನದ ಭಂಡಾರಕ್ಕೆ ಬಂದುದೆಷ್ಟು, ಅದರಿಂದ ಹೋದುದೆಷ್ಟು ಎಂಬ ಲೆಕ್ಕವನ್ನು ಆಳುವವರು ತಾವಾಗಿಯೇ ಪ್ರಜೆಗಳ ಮುಂದೆ ಓದಿ ಹೇಳುವುದು, ತಾಲ್ಲೂಕಿನ ಒಕ್ಕಲಿಗನೊಬ್ಬನು ಎದ್ದು ನಿಂತು ತನ್ನ ಸೀಮೆಯ ಕುಂದುಕೊರತೆಗಳನ್ನು ದಿವಾನರಿಗೇ ಅರಿಕೆಮಾಡಿ ಉತ್ತರವನ್ನು ಪಡೆಯುವುದು, ಇಂತಹ ಕ್ರಮಬದ್ಧವಾದ ಪದ್ಧತಿಯು ಮೈಸೂರಿನಲ್ಲಿ ಮೊದಲಾದುದು 1881ರ ದಸರೆಯಲ್ಲಿ. ಇಂಡಿಯಾದ ದೇಶೀಯ ಸಂಸ್ಥಾನಗಳೊಳಗೆ ಅಂತಹ ಸಭೆಯು ಅದೇ ಮೊದಲನೆಯದು. ಅದಕ್ಕೆ ಕಾರಣಪುರುಷರಾದವರು ದಿವಾನ್ ಸಿ. ವಿ. ರಂಗಾಚಾರ್ಲು ಅವರು. ಶಾಸನಸಭೆಯ ಹೆಸರನ್ನು ನಿತ್ಯವೂ ಕೇಳುವ ನಾವು ಅದರ ಬೀಜವನ್ನು ಬಿತ್ತಿದವರ ಚರಿತ್ರವನ್ನು ಸ್ಮರಿಸುವುದು ಉಚಿತವಾಗಿದೆ.

ರಂಗಾಚಾರ್ಲು ಅವರು 1831ರಲ್ಲಿ ಮದರಾಸಿಗೆ ಸಮೀಪವಾದ ಚೆಂಗಲ್ಪಟ್ಟು ಸೀಮೆಯಲ್ಲಿ ಶ್ರೀವೈಷ್ಣವ ಕುಟುಂಬವೊಂದರಲ್ಲಿ ಜನಿಸಿದರು. ಅದೇ ವರ್ಷದಲ್ಲಿಯೇ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರವರ ಕೈಯಿಂದ ಮೈಸೂರಿನ ಆಡಳಿತವನ್ನು ತೆಗೆದುಕೊಂಡು ಕಮಿಷನರುಗಳಿಗೆ ಒಪ್ಪಿಸಿದರು. ಐವತ್ತು ವರ್ಷಗಳಾದ ಮೇಲೆ ಆ ಆಡಳಿತವು ಅರಸುಮನೆತನಕ್ಕೆ ಹಿಂದಿರುಗಿದಾಗ ಅದನ್ನು ವಹಿಸಿಕೊಳ್ಳತಕ್ಕ ಪುರುಷನು ಅದು ಕೈಬಿಟ್ಟ ವರ್ಷದಲ್ಲಿಯೇ ಹುಟ್ಟಿದ್ದನೆಂಬುದು ವಿಧಿವಿಲಾಸವೇ ಸರಿ. ತಂದೆಯವರು ಕಲೆಕ್ಟರ್ ಕಚೇರಿಯಲ್ಲಿ ಕೆಲಸದಲ್ಲಿದ್ದವರು, ಐಶ್ವರ್ಯವಂತರಲ್ಲ. ಬಾಲಕನು ಮದರಾಸಿನ ಪಚ್ಚೈಯಪ್ಪನವರ ಶಾಲೆಯಲ್ಲಿಯೂ ತರುವಾಯ ಅಲ್ಲಿಯ ಹೈಸ್ಕೂಲಿನಲ್ಲಿಯೂ ವ್ಯಾಸಂಗಮಾಡಿ, ಹದಿನೆಂಟರ ಪ್ರಾಯದಲ್ಲಿಯೇ ಸರ್ಕಾರದ ಗುಮಾಸ್ತೆಗಿರಿಯನ್ನು ಸೇರಿದನು. ಬುದ್ಧಿಯ ತೀಕ್ಷ್ಣತೆಯಿಂದಲೂ ನಡತೆಯ ನಿರ್ಮಲತೆಯಿಂದಲೂ ಮೆಟ್ಟಲು ಮೆಟ್ಟಲಾಗಿ ಏರಿ, ಕಲ್ಲಿಕೋಟೆಯಲ್ಲಿ ಖಜಾನೆಯ ಡೆಪ್ಯುಟಿ ಕಲೆಕ್ಟರ್ ಪದವಿಗೆ ಬಂದರು. ಕಂದಾಯ ಇಲಾಖೆಯಲ್ಲಿ ಬೇರೂರಿದ್ದ ಲಂಚದ ವಿಷಯವಾಗಿ ಆಗಲೇ ಅವರು ಒಂದು ಪ್ರಬಂಧವನ್ನು ಬರೆದಿದ್ದರು.

1868ನೆಯ ಮಾರ್ಚಿಯಲ್ಲಿ ಮುಮ್ಮಡಿ ಕೃಷ್ಣರಾಜರು ಸ್ವರ್ಗಸ್ಥರಾದರು. ದತ್ತಪುತ್ರರಾದ ಚಾಮರಾಜೇಂದ್ರರು ಐದು ವರ್ಷದ ಶಿಶುಗಳು. ಅರಮನೆಯ ಸಾಲಸೋಲಗಳು, ಒಡವೆ ವಸ್ತುಗಳು, ಊಳಿಗದವರ ಗುಂಪು, ಇವೆಲ್ಲವೂ ಗೋಜಲಾಗಿದ್ದುವು. ಇವನ್ನು ಸರಿಪಡಿಸುವುದಕ್ಕಾಗಿ ನೇಮಕವಾದ ಎಲಿಯಟ್ ಎಂಬ ಇಂಗ್ಲಿಷ್ ಅಧಿಕಾರಿಗೆ ಸಹಾಯಕರಾಗಿ ರಂಗಾಚಾರ್ಲು ಅವರು ಮೈಸೂರಿಗೆ ಬಂದರು. ಮುಂದೆ ಅರಮನೆಯ ಕಂಟ್ರೋಲರ್ ಆಗಿ ಅಲ್ಲಿಯ ಲೆಕ್ಕಪತ್ರಗಳನ್ನು ಹದಕ್ಕೆ ತಂದರು. ಅನಂತರ ಸಂಸ್ಥಾನದ ರೆವಿನ್ಯೂ ಸೆಕ್ರೆಟರಿಯಾದರು.

ಅರಮನೆಯ ಲೆಕ್ಕವನ್ನು ನೋಡಿದ ಕಣ್ಣಿಗೆ ನಾಡಿನ ಲೆಕ್ಕವೂ ಕಾಣದೆ ಹೋಗಲಿಲ್ಲ. 1874ರಲ್ಲಿ ಲಂಡನ್ನಿನಲ್ಲಿ ಮೈಸೂರಿನ ಇಂಗ್ಲಿಷ್ ಆಡಳಿತವನ್ನು ಕುರಿತ ಒಂದು ಪುಸ್ತಿಕೆಯು ಅಚ್ಚಾಯಿತು. ಗ್ರಂಥಕರ್ತನ ಹೆಸರಿನ ಬದಲಾಗಿ ಮೈಸೂರಿನ ದೇಶೀಯನೊಬ್ಬನೆಂದು ಮಾತ್ರವೇ ಅದರಲ್ಲಿ ಕಾಣಿಸಿತ್ತು. ಬರೆದವರು ರಂಗಾಚಾರ್ಲು ಅವರೇ. ಪರದೇಶದ ಅಧಿಕಾರಿಗಳ ಸಂಬಳಸಾರಿಗೆಗಳಿಂದ ನಾಡಿನ ಮೇಲೆ ಬಿದ್ದ ಭಾರವನ್ನು ಅದು ಎತ್ತಿ ತೋರಿಸಿತು. ಸರ್ಕಾರದ ಅನ್ನವನ್ನು ಉಣ್ಣುತ್ತಿದ್ದ ಅಧಿಕಾರಿಯೊಬ್ಬನು ಅದೇ ಸರ್ಕಾರದ ನಡೆಯನ್ನು ಹೀಗೆ ತೂಗಿ ನೋಡುವುದಕ್ಕೆ ಧೈರ್ಯವು ಬೇಕು. ಆಳುವವರ ಕಾರ್ಯವನ್ನು ಆಳಿಸಿಕೊಳ್ಳುವವರು ಪರೀಕ್ಷಿಸಬೇಕೆಂಬ ಭಾವವು ಅವರಲ್ಲಿ ದಿವಾನಗಿರಿಗೆ ಏಳು ವರ್ಷಗಳ ಮುಂಚೆಯೇ ಮೊಳೆತಿತ್ತೆಂಬುದು ಇದರಿಂದ ತಿಳಿಯುತ್ತದೆ.

ಅಷ್ಟರಲ್ಲಿ 1876ರಿಂದ 1878ರ ವರೆಗೆ ದಾರುಣವಾದ ಕ್ಷಾಮವು ನಾಡನ್ನು ನುಂಗಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆಯು 50 ಲಕ್ಷ 55 ಸಾವಿರವಿದ್ದಿತು. 1881ರಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಈ ಅಂಕಿಗಳನ್ನು ಓದಿದವರಿಗೆ ಬೇರೆ ವರ್ಣನೆಯು ಬೇಕಾಗಲಾರದು. ಖಜಾನೆಯಲ್ಲಿದ್ದ ಹಣವು ಬರಿದಾಯಿತು; ಇಂಡಿಯಾ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲವು ನಿಂತಿತು. ವರ್ಷಂಪ್ರತಿ ಕೊಡತಕ್ಕ 24½ ಲಕ್ಷದ ಪೊಗದಿಯು ಎಂದಿನಂತೆ ಇದ್ದೇ ಇದ್ದಿತು. ಅದನ್ನು 35 ಲಕ್ಷಕ್ಕೆ ಏರಿಸಬೇಕೆಂಬ ಕರಾರೂ ಸೇರಿತು. ಏರಿಕೆಯನ್ನು ಮಾತ್ರ ಕೆಲವು ಕಾಲ ಮುಂದೂಡಿದರು. ಇಂತಹ ಸ್ಥಿತಿಯಲ್ಲಿ 1881ನೆಯ ಮಾರ್ಚಿ 25ರಂದು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಹಿಂದಕ್ಕೆ ಬಂದಿತು. ರಂಗಾಚಾರ್ಲು ಅವರು ದಿವಾನರಾದರು.

ಖಜಾನೆ ಬರಿದಾಗಿ ಸಾಲವು ತಲೆಯ ಮೇಲಿರುವಾಗ ಲೆಕ್ಕವನ್ನು ಮರೆಮಾಡುವುದು ಲೋಕರೂಢಿ. ಈ ದಿವಾನರಾದರೋ ಐದೇ ತಿಂಗಳುಗಳಲ್ಲಿ, ಅಂದರೆ 1881ನೆಯ ಆಗಸ್ಟ್ 25ರಂದು, ಮಹಾರಾಜರವರ ಅಪ್ಪಣೆಯಿಂದ ಒಂದು ಆಜ್ಞೆಯನ್ನು ಹೊರಡಿಸಿದರು. ಪ್ರತಿವರ್ಷವೂ ದಸರೆಯ ಕಾಲದಲ್ಲಿ ಪ್ರಜೆಗಳ ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆಯಬೇಕು. ಹಿಂದಿನ ವರ್ಷದ ಆಡಳಿತದ ಫಲಿತಾಂಶವನ್ನೂ ಮುಂದಿನ ವರ್ಷ ಮಾಡಬೇಕೆಂದಿರುವ ಕಾರ್ಯಗಳನ್ನೂ ಅವರಿಗೆ ತಿಳಿಸಬೇಕು. ಅವರ ಅರಿಕೆಗಳನ್ನು ಕೇಳಬೇಕು. ಇದೇ ಆ ಆಜ್ಞೆಯ ತಾತ್ಪರ್ಯವು. ಪ್ರತಿಯೊಂದು ತಾಲ್ಲೂಕಿನಿಂದ ತಿಳಿವಳಿಕೆಯೂ ಪ್ರಭಾವವೂ ಉಳ್ಳ ಒಬ್ಬಿಬ್ಬರು ಬೇಸಾಯಗಾರರನ್ನೂ ಪ್ರತಿಯೊಂದು ಜಿಲ್ಲೆಯಿಂದ ಮೂರು ನಾಲ್ವರು ಮುಖ್ಯ ವರ್ತಕರನ್ನೂ ಆರಿಸಿ ಕಳುಹಿಸಬೇಕೆಂದು ಸ್ಥಳೀಯ ನಿಧಿಯ ಮಂಡಲಿಗಳಿಗೆ ನಿರೂಪವು ಹೋಯಿತು.

ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆದರು. ದಿವಾನರೇ ಅಧ್ಯಕ್ಷರಾಗಿ ಆಡಳಿತದ ವರದಿಯನ್ನು ಸಭೆಯ ಮುಂದಿಟ್ಟರು. ಸಾಲ, ಆದಾಯ, ವೆಚ್ಚ, ರೈಲುಮಾರ್ಗದ ಕೆಲಸ, ಇವುಗಳ ಸ್ಥಿತಿಯು ಮುಚ್ಚುಮರೆಯಿಲ್ಲದೆ ಪ್ರಕಟವಾಯಿತು. ಬಳಿಕ ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಗಳ ವಿಷಯಗಳನ್ನು ಅರಿಕೆಮಾಡಿಕೊಂಡರು. ಸಾಮಾನ್ಯವಾಗಿ ಅಮಲ್ದಾರನ ಕಚೇರಿಯ ಜಗುಲಿಯಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತನು ಆ ದಿನ ದಿವಾನರೆದುರಿಗೆ ಆಸನದಲ್ಲಿ ಕುಳಿತನೆಂಬುದೇ ಆ ಕಾಲಕ್ಕೆ ಒಂದು ಮಹಾ ಪರಿವರ್ತನೆಯು. ಇಂಗ್ಲಿಷರ ನೇರ ಆಳ್ವಿಕೆಗೆ ಒಳಪಟ್ಟ ಪ್ರಾಂತಗಳ ಕೌನ್ಸಿಲುಗಳಲ್ಲಿ ಆಯವ್ಯಯವನ್ನು ಚರ್ಚಿಸುವ ಮತ್ತು ಪ್ರಶ್ನೆ ಕೇಳುವ ಅವಕಾಶವು ದೊರೆತುದು 1892ರ ಕಾನೂನಿನಿಂದ. ಕಾಂಗ್ರೆಸ್ ಮಹಾಸಭೆಯು ಹುಟ್ಟಿದುದು 1885ರಲ್ಲಿ. ಇವೆರಡಕ್ಕಿಂತಲೂ ಮೈಸೂರಿನ ಸಭೆಯು ಹಿರಿಯದೆಂಬುದನ್ನು ಗಮನಿಸಬೇಕು.

ಆದರೆ ಸತ್ಯವನ್ನು ಹೇಳುವಲ್ಲಿ ಸಂಕೋಚವು ಸಲ್ಲದು. ಈ ಸಭೆಗೆ ಕಾನೂನನ್ನು ಮಾಡುವ ಅಧಿಕಾರವಿರಲಿಲ್ಲ. ತೆರಿಗೆಯನ್ನು ತಡೆಯುವ ಅಧಿಕಾರವಿರಲಿಲ್ಲ. ಮತವನ್ನೆಣಿಸಿ ದಿವಾನರನ್ನು ಕಟ್ಟಿಹಾಕುವ ಅಧಿಕಾರವಂತೂ ಇರಲೇ ಇಲ್ಲ. ಬಂದವರು ಭೂಮಿಯುಳ್ಳವರು, ಅಂಗಡಿಯುಳ್ಳವರು. ಕ್ಷಾಮದಲ್ಲಿ ಮೊದಲು ಸತ್ತವರು ಯಾರೋ ಆ ಕೂಲಿಕಾರರ ಪರವಾಗಿ ಅಲ್ಲಿ ಯಾರೂ ಕುಳಿತಿರಲಿಲ್ಲ. ಸ್ತ್ರೀಯರ ಮಾತೇ ಇರಲಿಲ್ಲ. ಹಾಗಾದರೆ ಅದು ದಸರೆಯ ದರ್ಬಾರಿಗೆ ಸೇರಿದ ಮತ್ತೊಂದು ಅಲಂಕಾರವಾಗಿತ್ತೇ ಎಂದು ಕೇಳುವವರು ಆಗಲೂ ಇದ್ದಿರಬಹುದು, ಈಗಲೂ ಇರಬಹುದು. ಈ ಪ್ರಶ್ನೆಗೆ ಉತ್ತರವನ್ನು ಆ ಸಭೆಯ ಮುಂದಿನ ಚರಿತ್ರೆಯೇ ಕೊಡುತ್ತದೆ. ಶಾಸನಸಭೆಯ ಧರ್ಮವು ಎರಡು ಬಗೆಯದು: ಆಳುವವರಿಂದ ಲೆಕ್ಕವನ್ನು ಕೇಳುವುದು ಒಂದು, ನಾಡಿಗೆ ಕಟ್ಟಳೆಯನ್ನು ವಿಧಿಸುವುದು ಮತ್ತೊಂದು. ರಂಗಾಚಾರ್ಲು ಅವರು ಮೊದಲನೆಯದನ್ನು ಮೊದಲು ಕೊಟ್ಟರು. ಒಮ್ಮೆ ಲೆಕ್ಕವನ್ನು ಕೇಳುವ ಅಭ್ಯಾಸವು ಜನರಲ್ಲಿ ಬೇರೂರಿದರೆ, ಎರಡನೆಯದನ್ನು ಬಹುಕಾಲ ಬಿಗಿಹಿಡಿಯುವುದು ಯಾವ ಸರ್ಕಾರಕ್ಕೂ ಸಾಧ್ಯವಾಗುವುದಿಲ್ಲ.

ದಿವಾನರ ಇತರ ಕಾರ್ಯಗಳೂ ಕ್ಷಾಮದ ಪಾಠದಿಂದಲೇ ಹುಟ್ಟಿದುವು. ಬೆಂಗಳೂರಿನ ವರೆಗೆ ರೈಲು ಇದ್ದಿತು; ಅಲ್ಲಿಂದ ಮುಂದಕ್ಕೆ ಧಾನ್ಯವನ್ನು ಎತ್ತಿನ ಗಾಡಿಗಳ ಮೇಲೆ ಸಾಗಿಸಬೇಕಾಗಿತ್ತು, ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದುವು. ಆದುದರಿಂದ ಬೆಂಗಳೂರು ಮೈಸೂರುಗಳ ರೈಲುಮಾರ್ಗವನ್ನು ಸಂಸ್ಥಾನದ ಹಣದಿಂದಲೇ ಮುಂದುವರಿಸಿ 1882ರಲ್ಲಿ ಮೈಸೂರಿಗೆ ತಲಪಿಸಿದರು. ವೆಚ್ಚವನ್ನು ತಗ್ಗಿಸುವುದಕ್ಕಾಗಿ ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿ, ಹಾಸನ ಚಿತ್ರದುರ್ಗಗಳನ್ನು ನೆರೆಯ ಜಿಲ್ಲೆಗಳಿಗೆ ಸೇರಿಸಿದರು. ಈ ಮಿತವ್ಯಯದಿಂದ ಆ ಸೀಮೆಗಳ ಜನರಿಗೆ ತೊಂದರೆಯಾಯಿತು. 1886ರಲ್ಲಿ ಅವೆರಡನ್ನೂ ಪುನಃ ಜಿಲ್ಲೆಗಳನ್ನಾಗಿ ಮಾಡಬೇಕಾಯಿತು.

1882ರ ದಸರೆಯಲ್ಲಿ ಎರಡನೆಯ ಸಭೆಯು ನೆರೆಯಿತು; ರಂಗಾಚಾರ್ಲು ಅವರು ಅಧ್ಯಕ್ಷತೆ ವಹಿಸಿದ ಸಭೆಗಳಲ್ಲಿ ಅದೇ ಕಡೆಯದು. 1883ನೆಯ ಜನವರಿ 20ರಂದು ಅವರು ಮದರಾಸಿನಲ್ಲಿ ದೇಹವನ್ನು ಬಿಟ್ಟರು. ದಿವಾನಗಿರಿಯಲ್ಲಿದ್ದುದು ಎರಡು ವರ್ಷಗಳೂ ತುಂಬದ ಕಾಲ. ನೆರೆದ ಸಭೆಗಳು ಎರಡು. ಕಾನೂನಿನ ಆಸರೆಯಿಲ್ಲದೆ ಕೇವಲ ಆಜ್ಞೆಯೊಂದರಿಂದ ಹುಟ್ಟಿದ ಸಂಸ್ಥೆಯು, ಹುಟ್ಟಿಸಿದವರು ಕಣ್ಣು ಮುಚ್ಚಿದೊಡನೆ ತಾನೂ ಮುಚ್ಚಿಹೋಗುವುದು ಕಷ್ಟವಾಗಿರಲಿಲ್ಲ. ಮುಂದಿನ ದಸರೆಯಲ್ಲಿ ಹೊಸ ದಿವಾನರು ಅದನ್ನು ಕರೆಯದೆ ಇದ್ದಿದ್ದರೆ ತಡೆಯುವವರು ಯಾರಿದ್ದರು?

ಅದೃಷ್ಟವಶಾತ್ ಉತ್ತರಾಧಿಕಾರಿಗಳಾದ ಕೆ. ಶೇಷಾದ್ರಿ ಅಯ್ಯರವರು ಅದನ್ನು ಕರೆದರು, 1901ರ ವರೆಗೆ ನಡೆಯಿಸಿಯೂ ಬಂದರು. ಮಂಡಲಿಗಳು ಆರಿಸಿ ಕಳುಹಿಸುತ್ತಿದ್ದ ಪದ್ಧತಿಯು ಹೋಗಿ, 1891ರಲ್ಲಿ ಆಸ್ತಿ, ಕಂದಾಯ, ವಿದ್ಯೆ ಇವುಗಳ ಅರ್ಹತೆಯುಳ್ಳವರು ಮತಗಳಿಂದ ಪ್ರತಿನಿಧಿಗಳನ್ನು ಚುನಾಯಿಸುವ ಕ್ರಮವು ಬಂದಿತು. ವಿ. ಪಿ. ಮಾಧವರಾಯರ ದಿವಾನಗಿರಿಯಲ್ಲಿ, 1907ರಲ್ಲಿ, ಕಾನೂನುಗಳನ್ನು ವಿಮರ್ಶಿಸಿ ಮಾಡುವುದಕ್ಕೆಂದೇ ನ್ಯಾಯವಿಧಾಯಕ ಸಭೆಯೆಂಬ ಎರಡನೆಯ ಸಭೆಯು ಏರ್ಪಟ್ಟಿತು. ಲೆಕ್ಕ ಕೇಳುವ ಸಭೆಗೂ ಕಟ್ಟಳೆ ಮಾಡುವ ಸಭೆಗೂ ನಡುವೆ ಇಪ್ಪತ್ತಾರು ವರ್ಷಗಳು ಕಳೆದಿದ್ದುವು. ಹೊಸ ಸಭೆಗೆ ಇಬ್ಬರನ್ನು ಚುನಾಯಿಸುವ ಹಕ್ಕು ಪ್ರಜಾಪ್ರತಿನಿಧಿ ಸಭೆಗೆ ದೊರೆತುದು ತಾಯಿಯ ಕೈಯಿಂದ ಮಗುವಿಗೆ ಉಣಿಸಿದಂತಾಯಿತು.

1923ರಲ್ಲಿ, ಬ್ರಜೇಂದ್ರನಾಥ ಶೀಲರ ಸಮಿತಿಯ ಶಿಫಾರಸುಗಳನ್ನು ಅನುಸರಿಸಿ, ಎರಡು ಸಭೆಗಳ ಸ್ಥಾನವೂ ಕಾನೂನಿನಿಂದ ದೃಢವಾಯಿತು. ಹೊಸ ತೆರಿಗೆಯನ್ನು ಹಾಕುವ ಮುನ್ನವೂ ಹೊಸ ಮಸೂದೆಯನ್ನು ತರುವ ಮುನ್ನವೂ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ನಿಯಮವಾಯಿತು. 50 ಸದಸ್ಯರ ನ್ಯಾಯವಿಧಾಯಕ ಸಭೆಯು ವೆಚ್ಚದ ಬೇಡಿಕೆಗಳ ಮೇಲೆ ಮತ ಕೊಡುವಂತಾಯಿತು. ಸ್ತ್ರೀಯರಿಗೂ ಮತಾಧಿಕಾರದ ಬಾಗಿಲು ಆಗಲೇ ತೆರೆಯಿತು. 1949ರಲ್ಲಿ, ಸ್ವತಂತ್ರ ಭಾರತದ ಹೊಸ ವ್ಯವಸ್ಥೆಗೆ ಎಡೆಮಾಡಿಕೊಟ್ಟು, ಎರಡೂ ಸಭೆಗಳು ಮುಕ್ತಾಯವನ್ನು ಹೊಂದಿದುವು.

ಇಂದು ಬೆಂಗಳೂರಿನ ವಿಧಾನಸೌಧದಲ್ಲಿ ನೆರೆಯುವ ಕರ್ನಾಟಕದ ಶಾಸಕಾಂಗಕ್ಕೂ ಎರಡು ಸದನಗಳು. ವಿಧಾನಸಭೆಯಲ್ಲಿ ವಯಸ್ಕರಾದ ಸಕಲ ಸ್ತ್ರೀಪುರುಷರ ಮತಗಳಿಂದ ಚುನಾಯಿತರಾದ 224 ಮಂದಿ. ವಿಧಾನ ಪರಿಷತ್ತಿನಲ್ಲಿ 75 ಮಂದಿ. ಪರಿಷತ್ತಿನವರಲ್ಲಿ ಶಾಸಕರೂ ಸ್ಥಳೀಯ ಸಂಸ್ಥೆಗಳವರೂ ತಲಾ 25 ಮಂದಿಯನ್ನು, ಪದವೀಧರರೂ ಉಪಾಧ್ಯಾಯರೂ ತಲಾ 7 ಮಂದಿಯನ್ನು ಚುನಾಯಿಸುತ್ತಾರೆ. 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಪರಿಷತ್ತು ವಿಸರ್ಜನೆಯಾಗುವುದಿಲ್ಲ, ಎರಡು ವರ್ಷಗಳಿಗೊಮ್ಮೆ ಮೂರರಲ್ಲೊಂದು ಪಾಲು ಸದಸ್ಯರು ನಿವೃತ್ತರಾಗುತ್ತಾರೆ. ಮಸೂದೆಯು ಎರಡು ಸದನಗಳನ್ನೂ ದಾಟಿ ರಾಜ್ಯಪಾಲರ ಅಂಕಿತವನ್ನು ಪಡೆದು ಕಾನೂನಾಗುತ್ತದೆ. ಹಣಕ್ಕೆ ಸಂಬಂಧಿಸಿದ ಮಸೂದೆಯು ಮಾತ್ರ ವಿಧಾನಸಭೆಯಲ್ಲಿಯೇ ಹುಟ್ಟಬೇಕು. ಪರಿಷತ್ತು ಅದನ್ನು ಹದಿನಾಲ್ಕು ದಿನಗಳಿಗಿಂತ ಹೆಚ್ಚಾಗಿ ಇಟ್ಟುಕೊಳ್ಳುವಂತಿಲ್ಲ. ಒಂದು ಅಧಿವೇಶನಕ್ಕೂ ಮುಂದಿನದಕ್ಕೂ ನಡುವೆ ಆರು ತಿಂಗಳು ಮೀರಕೂಡದು. ಸಭೆಯನ್ನು ಕರೆಯುವುದು ದಿವಾನರ ಮನಸ್ಸಿಗೆ ಬಿಟ್ಟ ವಿಷಯವಾಗಿದ್ದ ಕಾಲಕ್ಕೂ ಇಂದಿಗೂ ಇರುವ ಅಂತರವು ಈ ಒಂದು ನಿಯಮದಿಂದಲೇ ವಿಶದವಾಗುತ್ತದೆ. 1881ರಲ್ಲಿ ವರ್ಷಕ್ಕೊಮ್ಮೆ ಅನುಗ್ರಹವಾಗಿ ದೊರೆತ ಪ್ರಶ್ನೋತ್ತರವು ಈಗ ಅಧಿವೇಶನದ ದಿನಗಳಲ್ಲಿ ಸದಸ್ಯರ ಹಕ್ಕಾಗಿದೆ. ಲೆಕ್ಕಪತ್ರಗಳನ್ನು ಒಂದೊಂದಾಗಿ ತಿರುವಿ ನೋಡುವುದಕ್ಕೆ ಪ್ರತ್ಯೇಕವಾದ ಸಮಿತಿಯೇ ಇದೆ.

ಹಕ್ಕು ಬೆಳೆದಿದೆ, ಅದನ್ನು ನಡೆಯಿಸುವವರ ಶ್ರದ್ಧೆಯೂ ಅದರೊಡನೆ ಬೆಳೆಯಬೇಕಲ್ಲವೇ? ಕೇಳುವವನು ಪ್ರಾಮಾಣಿಕನಾಗಿ ಕೇಳದಿದ್ದರೆ, ಉತ್ತರ ಕೊಡುವವನು ನಿಷ್ಕಪಟಿಯಾಗಿ ಕೊಡದಿದ್ದರೆ, ಅಧಿಕಾರವೆಷ್ಟಿದ್ದರೂ ಸಭೆಯು ಗದ್ದಲದ ಮನೆಯಾಗುತ್ತದೆ. ಅಧಿಕಾರವೇ ಇಲ್ಲದ 144 ಮಂದಿಯ ಮುಂದೆ ಬರಿದಾದ ಖಜಾನೆಯ ಲೆಕ್ಕವನ್ನು ಮರೆಮಾಚದೆ ಓದಿದ ದಿವಾನರ ನಡತೆಯು ಎರಡು ಪಕ್ಷದವರಿಗೂ ಮಾದರಿಯಾಗತಕ್ಕುದು. ಅವರ ನೆನಪಿಗೆ ಮೈಸೂರಿನಲ್ಲಿ 1884ರಲ್ಲಿ ಶಂಕುಸ್ಥಾಪನೆಯಾದ ಪುರಭವನವು ರಂಗಾಚಾರ್ಲು ಅವರ ಹೆಸರನ್ನು ಹೊತ್ತು ನಿಂತಿದೆ. ಕಲ್ಲುಗಾರೆಯ ಆ ಭವನಕ್ಕಿಂತಲೂ, ನಾಡಿನ ಒಬ್ಬ ಬಡ ಒಕ್ಕಲಿಗನ ಪ್ರಶ್ನೆಗೆ ಸದನದಲ್ಲಿ ನಿಜವಾದ ಉತ್ತರವು ದೊರೆಯುವ ದಿನವೇ ಅವರಿಗೆ ಸಲ್ಲುವ ಸ್ಮಾರಕವು. ಅಂತಹ ದಿನಗಳು ಹೆಚ್ಚಲಿ, ಪ್ರಜೆಗಳಿಗೆ ಮಂಗಳವಾಗಲಿ.