ಅರ್ಧ ಅಂಕದ ಬೆಲೆ

ಇತ್ತೀಚೆಗೆ ಮೊಮ್ಮಗನನ್ನು ಪಣಂಬೂರಿನಲ್ಲಿ ನಡೆದ ಚೆಸ್ ಪಂದ್ಯಾವಳಿಯೊಂದಕ್ಕೆ ಕರೆದೊಯ್ದಿದ್ದೆ. ತನಗಿಂತ ಬಲಿಷ್ಠನಾದ ಎದುರಾಳಿಯೊಡನೆ ಮೂರು ಗಂಟೆ ಸೆಣಸಿ, ಆಟವನ್ನು ಡ್ರಾ ಮಾಡಿಕೊಂಡು ಬಂದ ಬಾಲಕಿಯನ್ನು, ಗೆಲ್ಲಲಿಲ್ಲವೇಕೆಂದು ಅವಳ ತಂದೆ ಎಲ್ಲರೆದುರು ಗದರಿದರು. ಆಗ ನನಗೆ ನೆನಪಾದವರು ಸುಲ್ತಾನ್ ಖಾನ್.

ಅವಿಭಜಿತ ಪಂಜಾಬಿನ ಮಿಠಾ ತಿವಾನಾದವರಾದ ಸುಲ್ತಾನ್ ಖಾನ್ ಬಾಲ್ಯದಲ್ಲಿ ತಂದೆಯಿಂದ ಕಲಿತದ್ದು ದೇಶೀ ಚದುರಂಗ. ಅದರಲ್ಲಿ ಪದಾತಿಯು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುತ್ತಿತ್ತು. ಭೂಮಾಲಿಕ ಸರ್ ಉಮರ್ ಹಯಾತ್ ಖಾನರ ಆಶ್ರಯದಲ್ಲಿ ಅವರು ಪಾಶ್ಚಾತ್ಯ ನಿಯಮಗಳನ್ನು ಅಭ್ಯಸಿಸಿದರು. 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದರು. 1929ರಲ್ಲಿ ಧಣಿಯೊಡನೆ ಲಂಡನ್ನಿಗೆ ತೆರಳಿ, ಅದೇ ವರ್ಷ ಬ್ರಿಟಿಷ್ ಚಾಂಪಿಯನ್‌ಷಿಪ್ ಗೆದ್ದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಮಣಿಸಿದರು.

ಆದರೆ ನನ್ನ ಮನಸ್ಸು ಸೆಳೆದಿರುವುದು 1931ರ ಪ್ರಾಗ್ ಒಲಿಂಪಿಯಾಡ್. ಬ್ರಿಟಿಷ್ ತಂಡದ ಮೊದಲ ಫಲಕದಲ್ಲಿ ಕುಳಿತಿದ್ದವರು ಆ ಸಾಮ್ರಾಜ್ಯದ ಪ್ರಜೆಯಾದ ಈ ಆಟಗಾರ. ಫ್ರಾನ್ಸ್ ಪರವಾಗಿ ಆಡಿದವರು ರಷ್ಯದ ಶ್ರೀಮಂತ ಮನೆತನದಲ್ಲಿ ಹುಟ್ಟಿದ, ಕಾನೂನು ಓದಿದ, ಅಂದಿನ ವಿಶ್ವ ಚಾಂಪಿಯನ್ ಅಲೆಖೈನ್. ಚೆಸ್ ಗ್ರಂಥಗಳ ಆಸರೆ ಅತ್ಯಲ್ಪವಾಗಿದ್ದ ಸುಲ್ತಾನ್ ಖಾನ್ ಅವರೊಡನೆ ಸರಿಸಮನಾಗಿ ನಿಂತರು. ಆಟ ಡ್ರಾ ಆಯಿತು. ಆ ಕೂಟದಲ್ಲಿ 17 ಆಟಗಳಿಂದ ಅವರಿಗೆ ದೊರೆತದ್ದು 8 ಗೆಲುವು, 7 ಡ್ರಾ, 2 ಸೋಲು. ರೂಬಿನ್‌ಸ್ಟೈನ್ ಹಾಗೂ ಫ್ಲೋರ್ ಸೋತವರಲ್ಲಿದ್ದರು.

ಅಂಕಪಟ್ಟಿಯಲ್ಲಿ ಇಬ್ಬರಿಗೂ ಅರ್ಧ ಅಂಕ. ಆದರೆ ಒಂದೇ ರೂಪಾಯಿಯ ಬೆಲೆ ಬಡವನಿಗೂ ಧನಿಕನಿಗೂ ಒಂದೇ ಅಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಯಾರು, ಎಲ್ಲಿಂದ ಹೊರಟು ಅಲ್ಲಿಗೆ ತಲುಪಿದರು ಎಂಬುದನ್ನು ಅಂಕಪಟ್ಟಿ ದಾಖಲಿಸುವುದಿಲ್ಲ.

1933ರ ಅಂತ್ಯದಲ್ಲಿ ಧಣಿಯೊಡನೆ ಸ್ವದೇಶಕ್ಕೆ ಮರಳಿದ ಸುಲ್ತಾನ್ ಖಾನ್ ಅಂತರರಾಷ್ಟ್ರೀಯ ಕಣದಿಂದ ಮರೆಯಾದರು. 1935ರಲ್ಲಿ ಖಾಡಿಲ್ಕರ್ ವಿರುದ್ಧದ 10 ಆಟಗಳ ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು ಒಂದೇ ಡ್ರಾ. ವಿಶ್ವ ಚೆಸ್ ಸಂಸ್ಥೆ 1950ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿಗಳನ್ನು ನೀಡಿದಾಗ ಇವರ ಹೆಸರಿರಲಿಲ್ಲ. 1966ರಲ್ಲಿ ಕ್ಷಯರೋಗದಿಂದ ನಿಧನರಾದರು. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂದದ್ದು 2024ರಲ್ಲಿ, ಮರಣಾನಂತರ 58 ವರ್ಷಗಳಿಗೆ.

ಮನ್ನಣೆ ತಡವಾಗುವುದನ್ನು ಆಡಳಿತದಲ್ಲಿ ಬಹಳ ಕಂಡಿದ್ದೇನೆ. ಮಕ್ಕಳ ವಿಷಯದಲ್ಲಾದರೂ ನಾವು ಅಷ್ಟು ಕಾಯಿಸಬೇಕಿಲ್ಲ. ಅಂದು ಪಣಂಬೂರಿನಲ್ಲಿ ಆ ಬಾಲಕಿಗೆ ಚೆನ್ನಾಗಿ ಆಡಿದೆಯೆಂದು ಹೇಳಲು ನಾನೂ ಹಿಂಜರಿದೆ. ಆ ಕೊರಗು ಉಳಿದಿದೆ.