ಹೊರಗಿಟ್ಟವರಿಗೆ ಹೊಲ ತೋರಿಸಿದ ದೊಡ್ಡಸ್ವಾಮಿಯವರು



ಕುಲದಿಂದ ಹೊರಗಿಡುವುದು ಎಂದರೇನೆಂದು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನರು ಸೇರುತ್ತಾರೆ, ನ್ಯಾಯ ನಡೆಯುತ್ತದೆ, ದಂಡ ಬೀಳುತ್ತದೆ. ದಂಡ ಕಟ್ಟದ ಮನೆಯವರಿಗೆ ಮದುವೆಯ ಕರೆಯಿಲ್ಲ, ಸಾವಿಗೆ ಹೆಗಲಿಲ್ಲ. ನಮಗೆ ಕಣ್ಣಿಗೆ ಬೀಳುವುದು ಇಷ್ಟು. ಕಣ್ಣಿಗೆ ಬೀಳದ್ದು ಅದರ ಹಿಂದೆಯೇ ಬರುತ್ತದೆ. ಮರುದಿನದಿಂದ ಆ ಮನೆಯವರನ್ನು ಕೂಲಿಗೆ ಕರೆಯುವವರಿಲ್ಲ, ಅಂಗಡಿಯಲ್ಲಿ ಕಡವಿಲ್ಲ, ವಾರಕ್ಕೆ ಮಾಡಿದ ಹೊಲ ಬಿಡಬೇಕಾಗುತ್ತದೆ, ಅವರು ಬೆಳೆದ ರೇಷ್ಮೆಗೂಡು ಕೊಳ್ಳಲು ಬಂದವನು ಬೀದಿಯ ಕೊನೆಯಿಂದಲೇ ಹಿಂದಿರುಗುತ್ತಾನೆ. ಧರ್ಮದ ಹೆಸರಿನಲ್ಲಿ ಬಾಗಿಲು ಮುಚ್ಚಿದರೆ ಮೊದಲು ಆರುವುದು ಒಲೆ.

ಈ ಮಾತನ್ನು ಇನ್ನೂರು ವರ್ಷಗಳ ಹಿಂದೆಯೇ ಕಣ್ಣಾರೆ ಕಂಡು ಬರೆದಿಟ್ಟ ಗುರುವೊಬ್ಬರ ಜೀವನವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಅಬ್ಬೆ ದುಬಾಯ್. ನಮ್ಮ ಜನ ಪ್ರೀತಿಯಿಂದ ದೊಡ್ಡಸ್ವಾಮಿಯವರು ಎಂದು ಕರೆದದ್ದು ಇವರನ್ನೇ.

ಜಾನ್ ಆಂತ್ವಾನ್ ದುಬಾಯ್ ಅವರು 1766ರಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಜ್ಞಾನಸ್ನಾನ ಪಡೆದರು. 1792ರಲ್ಲಿ ಗುರುದೀಕ್ಷೆಯಾಯಿತು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಅಲ್ಲಿ ಗುರುಗಳ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಅದೇ ವರ್ಷ ಪ್ಯಾರಿಸ್ ವಿದೇಶ ಧರ್ಮಪ್ರಚಾರಕ ಸಂಸ್ಥೆಯ ಗುರುವಾಗಿ ಅವರು ಭಾರತಕ್ಕೆ ಹೊರಟರು. ಮೊದಲ ಕೆಲವು ವರ್ಷ ಪುದುಚೇರಿಯ ಆಶ್ರಯದಲ್ಲಿ ತಮಿಳು ಸೀಮೆಯಲ್ಲಿ ಸೇವೆ ಮಾಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು.

ಆಗಿನ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಿರಿ. 1649ರ ಸುಮಾರಿಗೆ ಯೇಸುಸಭೆಯ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಮೈಸೂರು ಮಿಷನ್ನು ಸೊರಗಿತ್ತು. 1773ರಲ್ಲಿ ಯೇಸುಸಭೆಯೇ ರದ್ದಾಗಿದ್ದರಿಂದ ಗುರುಗಳ ಅಭಾವ ತಲೆದೋರಿತ್ತು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸುಲ್ತಾನ್ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಯುದ್ಧ ಮುಗಿದಾಗ ಉಳಿದವರಿಗೆ ಮನೆಯಿಲ್ಲ, ಮಣ್ಣಿಲ್ಲ, ನೆಂಟರಿಲ್ಲ. ಆಗ ಮೈಸೂರಿನ ದಿವಾನರಾಗಿದ್ದವರು ಪೂರ್ಣಯ್ಯನವರು. ಅವರಿಗೇ 1807ರಲ್ಲಿ ನಮ್ಮ ಯಳಂದೂರು ಜಹಗೀರಾಗಿ ದೊರೆಯಿತು. ಕೊಳ್ಳೇಗಾಲವಂತೂ ಕಂಪನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಗೆ ಹೋಗಿತ್ತು. ಮೈಸೂರು ರಾಜ್ಯಕ್ಕೆ ಮರಳಿದ್ದು 1956ರಲ್ಲಿ.

ದೊಡ್ಡಸ್ವಾಮಿಯವರು ನಮ್ಮವರಂತೆಯೇ ಬಾಳಿದರು. ದೇಶದ ಉಡುಪು, ತಲೆಗೆ ರುಮಾಲು, ಸೊಪ್ಪು ಕಾಳಿನ ಊಟ. ಮೇಲು ಜಾತಿಯವರಿಗೆ ಅಸಹ್ಯವಾಗುವ ಯಾವುದನ್ನೂ ಅವರು ಮಾಡುತ್ತಿರಲಿಲ್ಲ. ಹೀಗೆ ಒಳಗಿನವರಾಗಿ ನೋಡಿದ್ದರಿಂದಲೇ ಹೊರಗಿಡುವ ಕ್ರಮ ಅವರಿಗೆ ಅಷ್ಟು ಸ್ಪಷ್ಟವಾಗಿ ಕಂಡಿತು. ಜಾತಿಯಿಂದ ಹೊರಬಿದ್ದವನ ಪಾಡನ್ನು ಅವರ ಪುಸ್ತಕ ವಿವರವಾಗಿ ಹೇಳುತ್ತದೆ. ಅವನೊಡನೆ ಉಣ್ಣುವವರಿಲ್ಲ, ಅವನ ಕೈಯ ನೀರು ಕುಡಿಯುವವರಿಲ್ಲ, ಅವನ ಮಕ್ಕಳಿಗೆ ಹೆಣ್ಣು ಕೊಡುವವರೂ ತರುವವರೂ ಇಲ್ಲ. ಕಟ್ಟಿಕೊಂಡ ಹೆಂಡತಿಯೂ ಹೆತ್ತ ಮಕ್ಕಳೂ ಅವನನ್ನು ಬಿಡಬಹುದು. ಮತ್ತೆ ಕುಲಕ್ಕೆ ಸೇರಬೇಕಾದರೆ ದಂಡ, ಶುದ್ಧಿ, ಕುಲದವರಿಗೆಲ್ಲ ಊಟ.

ಇದು ಬದುಕಿನ ಪ್ರಶ್ನೆಯಾದದ್ದು ಹೇಗೆಂದು ನೀವು ಕೇಳಬಹುದು. ಆ ಕಾಲದ ಹಳ್ಳಿಯಲ್ಲಿ ಕೆಲಸವೆಂಬುದು ಸಂಬಂಧದ ಮೇಲೆ ನಿಂತಿತ್ತು. ಕ್ಷೌರಿಕ, ಅಗಸ, ಕುಂಬಾರ, ಕಮ್ಮಾರ ಇವರಿಗೆ ದಿನಗೂಲಿಯಿಲ್ಲ. ವರ್ಷಕ್ಕೊಮ್ಮೆ ಸುಗ್ಗಿಯ ಕಣದಲ್ಲಿ ಆಯ ದೊರೆಯುತ್ತಿತ್ತು. ಒಕ್ಕಲಿಗನೊಬ್ಬ ಕುಲದಿಂದ ಹೊರಬಿದ್ದರೆ ಅವನ ನೇಗಿಲಿನ ಗುಳ ತಟ್ಟಿಕೊಡುವ ಕಮ್ಮಾರನಿಲ್ಲ. ಕಮ್ಮಾರನೇ ಹೊರಬಿದ್ದರೆ ಅವನಿಗೆ ಆಯ ಅಳೆಯುವ ಕಣವಿಲ್ಲ. ನೇಯ್ಗೆಯವನಿಗೆ ನೂಲು ಕೊಡುವವನೂ ಬಟ್ಟೆ ಕೊಳ್ಳುವವನೂ ಅವನ ಕುಲದವರೇ, ಇಲ್ಲವೆ ಆ ಕುಲಕ್ಕೆ ಬೇಕಾದವರೇ. ಒಂದು ಎಳೆ ಕಡಿದರೆ ಮಗ್ಗವೇ ನಿಲ್ಲುತ್ತದೆ.

ಹೊಸದಾಗಿ ಕ್ರೈಸ್ತರಾದವರ ಪಾಡೂ ಇದೇ. ತಾವು ಬರೆದ ಪತ್ರಗಳಲ್ಲಿ ದೊಡ್ಡಸ್ವಾಮಿಯವರು ಮುಚ್ಚುಮರೆಯಿಲ್ಲದೆ ಒಂದು ಲೆಕ್ಕ ಕೊಟ್ಟಿದ್ದಾರೆ. ಅಷ್ಟು ವರ್ಷಗಳ ಸೇವೆಯಲ್ಲಿ, ದೇಶೀಯ ಗುರುವೊಬ್ಬರ ನೆರವಿದ್ದೂ, ಹೊಸದಾಗಿ ವಿಶ್ವಾಸಕ್ಕೆ ಬಂದವರು ಎಲ್ಲ ಸೇರಿ 200ರಿಂದ 300 ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡವರು ಅಥವಾ ಭಿಕ್ಷುಕರು. ಉಳಿದವರಲ್ಲಿ ಅನೇಕರು ಮೊದಲೇ ಜಾತಿಯಿಂದ ಹೊರಬಿದ್ದು ದಿಕ್ಕಿಲ್ಲದೆ, ಹೊಸ ನಂಟು ಹುಡುಕಿಕೊಂಡು ಬಂದವರು. ಇದನ್ನು ಓದಿ ಕೆಲವರು ನಾಚಿಕೊಂಡಾರು. ನನಗೇನೋ ಇದರಲ್ಲಿ ನಾಚಿಕೆ ಕಾಣುವುದಿಲ್ಲ. ಪ್ರಭು ಯೇಸುವಿನ ಪಂಕ್ತಿಯಲ್ಲಿ ಮೊದಲು ಕುಳಿತವರೂ ಇಂಥವರೇ ಅಲ್ಲವೆ?

ದೊಡ್ಡಸ್ವಾಮಿಯವರು ಬರೆದು ಸುಮ್ಮನಾಗಲಿಲ್ಲ. ಬಡತನಕ್ಕೆ ಬಿದ್ದ ತಮ್ಮ ಜನರಿಗಾಗಿ ಅವರು ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಬಳಿಯ ಸಾತೆಹಳ್ಳಿ ಇವುಗಳಲ್ಲಿ ಮುಖ್ಯವಾದದ್ದು. ನಂಟು ಕಳೆದುಕೊಂಡವನಿಗೆ ಉಪದೇಶ ಸಾಲದು, ಉಳಲು ನೆಲ ಬೇಕು, ಪಕ್ಕದ ಹೊಲದಲ್ಲಿ ಮುಯ್ಯಾಳಾಗಿ ಬರುವ ನೆರೆಯವನು ಬೇಕು. ಗುಡಿ ಕಟ್ಟುವ ಕೆಲಸದ ಜೊತೆಗೇ ಹೊಲ ಹಸನು ಮಾಡುವ ಕೆಲಸವನ್ನೂ ಗುರುವಿನ ಸೇವೆಯೆಂದೇ ಅವರು ಎಣಿಸಿದರು.

ಅವರ ಇನ್ನೊಂದು ದೊಡ್ಡ ಸೇವೆ ಸಿಡುಬಿನ ವಿರುದ್ಧ ದೇವಿ ಹಾಕಿಸಿದ್ದು. 1803-04ರಲ್ಲಿ ಅವರ ಪ್ರಯತ್ನದಿಂದ 25,000ಕ್ಕೂ ಹೆಚ್ಚು ಜನ ದೇವಿ ಹಾಕಿಸಿಕೊಂಡರು. ಆಗ ಲಸಿಕೆ ಬಾಟಲಿಯಲ್ಲಿ ಬರುತ್ತಿರಲಿಲ್ಲ. ಒಬ್ಬ ಮಗುವಿನ ತೋಳಿನ ಬೊಕ್ಕೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ ಹಾಕುತ್ತಿದ್ದರು. ಮುಟ್ಟಿದರೆ ಮೈಲಿಗೆ ಎನ್ನುವ ನಾಡಿನಲ್ಲಿ ತೋಳಿನಿಂದ ತೋಳಿಗೆ ದಾಟುವ ಔಷಧಿಗೆ ಜನರನ್ನು ಒಪ್ಪಿಸುವುದು ಎಷ್ಟು ಕಷ್ಟವಿದ್ದೀತು, ನೀವೇ ಊಹಿಸಿ.

ಇಲ್ಲಿಯವರೆಗೆ ಹೇಳಿ ಮುಗಿಸಿದರೆ ಅರ್ಧ ಜೀವನ ಹೇಳಿದಂತಾಗುತ್ತದೆ. ಉಳಿದರ್ಧವನ್ನೂ ಕೇಳಿ. ಹೊರಗಿಡುವ ಕ್ರೌರ್ಯವನ್ನು ಅಷ್ಟು ಚೆನ್ನಾಗಿ ಕಂಡ ಇದೇ ಗುರುಗಳು ಜಾತಿಯ ಕಟ್ಟನ್ನು ಹೊಗಳಿಯೂ ಬರೆದರು. ಜನರನ್ನು ಶಿಸ್ತಿನಲ್ಲಿಡಲು ಅದೇ ಒಳ್ಳೆಯ ಉಪಾಯವೆಂದು ಅವರ ನಂಬಿಕೆಯಾಗಿತ್ತು. ಆ ಕಾಲದ ದಕ್ಷಿಣ ಭಾರತದ ಹಲವು ಗುಡಿಗಳಲ್ಲಿ ದಲಿತ ವಿಶ್ವಾಸಿಗಳಿಗೆ ಬೇರೆಯೇ ಜಾಗವಿತ್ತು. 1744ರಲ್ಲೇ ಹದಿನಾಲ್ಕನೆಯ ಬೆನೆಡಿಕ್ಟ್ ಜಗದ್ಗುರುಗಳು, ಅಸ್ಪೃಶ್ಯರ ಮನೆಯೊಳಗೆ ಹೋಗಿ ಸಾಯುವವರಿಗೆ ಸಂಸ್ಕಾರ ಕೊಡಲು ಗುರುಗಳು ಹಿಂಜರಿಯಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಅಂಥ ಅಪ್ಪಣೆ ಬೇಕಾಯಿತೆಂಬುದೇ ನಮ್ಮ ಧರ್ಮಸಭೆಯೊಳಗಿದ್ದ ಗೋಡೆಗೆ ಸಾಕ್ಷಿ. ಆ ಗೋಡೆಯನ್ನು ದೊಡ್ಡಸ್ವಾಮಿಯವರು ಕೆಡವಲಿಲ್ಲ.

ಅವರ ಹೆಸರನ್ನು ಜಗತ್ತಿಗೆ ಹರಡಿದ ಪುಸ್ತಕದ ಕಥೆಯೂ ಹಾಗೆಯೇ. ಹಿಂದೂಗಳ ನಡೆನುಡಿ ಆಚಾರಗಳ ಆ ಹಸ್ತಪ್ರತಿಯನ್ನು 1807ರಲ್ಲಿ ಕಂಪನಿ ಸರ್ಕಾರ 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಹಿಂದಿನ ಯೇಸುಸಭೆಯ ಕೂರ್ದು ಸ್ವಾಮಿಗಳ ಬರಹದಿಂದ ಬಂದದ್ದೆಂದು ಇಪ್ಪತ್ತನೆಯ ಶತಮಾನದ ಸಂಶೋಧಕರು ತೋರಿಸಿದ್ದಾರೆ. ದೊಡ್ಡವರ ಜೀವನವನ್ನು ಹೇಳುವಾಗ ಇಂಥದ್ದನ್ನು ಮುಚ್ಚಿಡಬಾರದು.

1823ರಲ್ಲಿ ಅವರು ಫ್ರಾನ್ಸಿಗೆ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳು ತುಂಬ ನಿರಾಶೆಯವು. ಈ ನಾಡಿನಲ್ಲಿ ಕ್ರೈಸ್ತನಾಗುವವನು ತಂದೆತಾಯಿ, ಹೆಂಡತಿ ಮಕ್ಕಳು, ಆಸ್ತಿ, ಕಸುಬು ಎಲ್ಲವನ್ನೂ ಕಳೆದುಕೊಳ್ಳಬೇಕಾಗುವುದರಿಂದ ಸುವಾರ್ತೆ ಇಲ್ಲಿ ಬೇರುಬಿಡಲಾರದೆಂದು ಅವರು ತೀರ್ಮಾನಿಸಿದ್ದರು. 1836ರಿಂದ 1839ರವರೆಗೆ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿದ್ದು, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಭಾರತಕ್ಕೆ ಮತ್ತೆ ಬರಲಿಲ್ಲ.

ಅವರ ನಿರಾಶೆಯನ್ನು ಕಾಲವೇ ತಿದ್ದಿತು. 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವಾಯಿತು. ಮಾರ್ಟಳ್ಳಿ, ಸಂದನಪಾಳ್ಯ, ಕಾಮಗೆರೆಗಳಲ್ಲಿ ಇಂದು ಬಲಿಪೂಜೆಗೆ ನೆರೆಯುವ ಜನಸಮೂಹವೇ ಅದಕ್ಕೆ ಉತ್ತರ. ಆದರೆ ಅವರು ಹೇಳಿದ ಕಾರಣವನ್ನು ಕಾಲವಿನ್ನೂ ಪೂರ್ತಿ ಅಳಿಸಿಲ್ಲ. 1850ರಲ್ಲಿ ಕಂಪನಿ ಸರ್ಕಾರ ಒಂದು ಕಾಯ್ದೆ ಮಾಡಿ, ಜಾತಿ ಅಥವಾ ಧರ್ಮ ಕಳೆದುಕೊಂಡವನ ಆಸ್ತಿಯ ಹಕ್ಕು ಹೋಗದೆಂದು ಸಾರಿತು. ಆಗ ಕಂಪನಿಯ ಕೈಯಲ್ಲಿದ್ದ ಕೊಳ್ಳೇಗಾಲಕ್ಕೂ ಅದು ಅನ್ವಯಿಸಿತು. ತಂದೆಯ ಹೊಲವನ್ನು ಕಾಯ್ದೆ ಉಳಿಸಿಕೊಟ್ಟಿತು. ಆ ಹೊಲಕ್ಕೆ ಕೂಲಿಯಾಳನ್ನು ಕರೆತರಲು ಅದರಿಂದಾಗಲಿಲ್ಲ.

ಇಂದು ನಮ್ಮ ಕಾನೂನು ಇನ್ನೂ ಮುಂದೆ ಹೋಗಿದೆ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ ಮಾಡಿದ ತಿದ್ದುಪಡಿ 2016ರ ಜನವರಿಯಲ್ಲಿ ಜಾರಿಗೆ ಬಂತು. ಅದರಂತೆ ಈ ಜನರಿಗೆ ಇತರರು ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುತ್ತೇವೆಂದು ಬೆದರಿಸುವುದು ಎರಡೂ ಅಪರಾಧ. ಕೂಲಿ ನಿಲ್ಲಿಸಿದರು, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ ಎಂದು ಯಾರಾದರೂ ನಿಮ್ಮ ಬಳಿ ಕಣ್ಣೀರಿಟ್ಟರೆ, ಸಮಾಧಾನ ಹೇಳಿ ಕಳುಹಿಸಬೇಡಿ. ಜೊತೆಗೆ ಠಾಣೆಯವರೆಗೂ ನಡೆಯಿರಿ. ನಮ್ಮ ಬೆಟ್ಟಗಳ ಸೋಲಿಗರಿಗೆ, ಅವರ ಧರ್ಮ ಯಾವುದಾದರೂ ಈ ರಕ್ಷಣೆಯುಂಟು. ಕ್ರೈಸ್ತನಾದ ದಲಿತನಿಗೆ ಮಾತ್ರ, 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಎಣಿಕೆಯಲ್ಲಿ ಸ್ಥಾನವಿಲ್ಲದ್ದರಿಂದ, ಈ ಕಾಯ್ದೆಯ ನೆರಳು ಸಿಗುವುದಿಲ್ಲ. ಕಾನೂನು ಬಿಟ್ಟುಹೋದವನಿಗೆ ನೆರಳಾಗಬೇಕಾದವರು ಯಾರು?

ಹುಟ್ಟುಕುರುಡನಿಗೆ ಯೇಸು ಕಣ್ಣು ಕೊಟ್ಟ ಪ್ರಸಂಗವನ್ನು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ನೀವು ಓದಿದ್ದೀರಿ. ಮಗನಿಗೆ ಕಣ್ಣು ಬಂದರೂ ಅವನ ತಂದೆತಾಯಿ ಬಾಯಿಬಿಟ್ಟು ಸಂತೋಷಪಡಲಿಲ್ಲ. ಪ್ರಾರ್ಥನಾ ಮಂದಿರದಿಂದ ಹೊರಹಾಕಿಯಾರೆಂಬ ಭಯ ಅವರನ್ನು ಕಟ್ಟಿಹಾಕಿತ್ತು. ಕೊನೆಗೆ ಮಗನನ್ನು ಹೊರಗೆ ಹಾಕಿದರು. ಆ ಸುದ್ದಿ ಕೇಳಿದ ಯೇಸು ಅವನನ್ನು ಹುಡುಕಿಕೊಂಡು ಹೋದರು. ಹುಡುಕಿಕೊಂಡು ಹೋದದ್ದನ್ನು ಗಮನಿಸಿ. ಬರಲಿ ಎಂದು ಅವರು ಕಾಯುತ್ತ ಕೂರಲಿಲ್ಲ.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಲ್ಲಿ ಹೊರಗಿಡುವುದೇ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ? ಬೇರೆ ಜಾತಿಯ ಹುಡುಗನನ್ನು ಮದುವೆಯಾದ ಮಗಳ ಮನೆಯವರಿಗೆ ನಾವು ಕೆಲಸ ಕೊಡುತ್ತೇವೆಯೆ? ಸ್ವಸಹಾಯ ಸಂಘದಲ್ಲಿ ಸಾಲ ಹಂಚುವಾಗ, ಮನೆ ಕಟ್ಟಲು ಗಾರೆಯವನನ್ನು ಕರೆಯುವಾಗ ಯಾರ ಹೆಸರು ನಮ್ಮ ಬಾಯಿಗೆ ಬರುವುದೇ ಇಲ್ಲ? ಭಾನುವಾರ ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸಿ, ಸೋಮವಾರ ಅವನ ಅಂಗಡಿಯ ಮುಂದೆ ತಲೆತಗ್ಗಿಸಿ ಹಾದುಹೋದರೆ ನಾವು ಸ್ವೀಕರಿಸಿದ್ದೇನು?

ದೊಡ್ಡಸ್ವಾಮಿಯವರು ಅರ್ಧ ದಾರಿ ನಡೆದರು. ಹೊರಬಿದ್ದವನಿಗೆ ಹೊಲ ಬೇಕೆಂದು ತಿಳಿದು ಹೊಲ ತೋರಿಸಿದರು; ಗುಡಿಯೊಳಗಿನ ಗೋಡೆ ಹಾಗೇ ನಿಂತಿತು. ಉಳಿದ ದಾರಿ ನಮ್ಮ ಪಾಲಿನದು. ಇಂದು ಸಂಜೆ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಒಂದು ನಿಮಿಷ ಯೋಚಿಸಿ: ನಮ್ಮ ಬೀದಿಯಲ್ಲಿ ಯಾರ ಮನೆಗೆ ಕೆಲಸದ ಕರೆ ಹೋಗಿ ಬಹಳ ದಿನವಾಯಿತು? ನಾಳೆ ಬೆಳಿಗ್ಗೆ ಆ ಕರೆ ನಿಮ್ಮ ಮನೆಯಿಂದ ಹೋಗಲಿ.