ಶ್ರೀ ವಿಠ್ಠಲಭಾಯಿ ಪಟೇಲರು

ಗಿರಗಾಂವದ ವಿಠ್ಠಲಭಾಯಿ ಪಟೇಲ್ ರಸ್ತೆಯ ಹೆಸರು ಸರದಾರ ವಲ್ಲಭಭಾಯಿಯವರದಲ್ಲ, ಅವರ ಅಣ್ಣನವರದು. ಗುಜರಾತದ ಗೋಧ್ರಾ, ಬೋರಸದಗಳಂಥ ಸಣ್ಣ ಊರುಗಳಲ್ಲಿ ಇವರು ವಕೀಲಿ ನಡೆಸುತ್ತಿದ್ದರು. ವಿಲಾಯತಿಗೆ ಹೋಗಲು ಹಣ ಕೂಡಿಟ್ಟವರು ವಲ್ಲಭಭಾಯಿಯವರು. ಇಬ್ಬರ ಹೆಸರಿನ ಮೊದಲಕ್ಷರಗಳೂ ಒಂದೇ ಆದುದರಿಂದ ಪ್ರಯಾಣದ ಪತ್ರವು ಅಣ್ಣನ ಕೈ ಸೇರಿತು. ಹಿರಿಯರೇ ಮೊದಲು ಹೋಗಲೆಂದು ತಮ್ಮನು ಬಿಟ್ಟುಕೊಟ್ಟನು. ಎಂತಹ ತಮ್ಮನು!

1908ರಲ್ಲಿ ಬ್ಯಾರಿಸ್ಟರರಾಗಿ ಮರಳಿದ ವಿಠ್ಠಲಭಾಯಿಯವರು ಕೆಲ ವರ್ಷಗಳಲ್ಲಿ ಮುಂಬಯಿ ಶಾಸನಸಭೆಯನ್ನು ಸೇರಿದರು. ಗೋಖಲೆಯವರ ಕಡ್ಡಾಯ ಶಿಕ್ಷಣದ ಮಸೂದೆಯು ಕೇಂದ್ರದಲ್ಲಿ 1912ರಲ್ಲಿ ಬಿದ್ದುಹೋಗಿತ್ತು. ಪುರಸಭೆಗಳು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬಹುದೆಂಬ ಕಾಯಿದೆಯನ್ನು ಇವರು 1918ರಲ್ಲಿ ಈ ಪ್ರಾಂತಕ್ಕೆ ತಂದರು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಅಂದು ಇದೇ ಪ್ರಾಂತದಲ್ಲಿದ್ದವು. ಶಿಕ್ಷಕರಾದ ನಮಗೆ ಅವರ ಕಾರ್ಯಗಳಲ್ಲಿ ಇದೇ ಹಿರಿದೆಂದು ತೋರುತ್ತದೆ.

1925ರಲ್ಲಿ ಎರಡೇ ಮತಗಳ ಅಂತರದಿಂದ ಗೆದ್ದು, ಕೇಂದ್ರ ಶಾಸನಸಭೆಯ ಪ್ರಥಮ ಚುನಾಯಿತ ಭಾರತೀಯ ಅಧ್ಯಕ್ಷರಾದರು. ಪೀಠವನ್ನೇರಿದವನಿಗೆ ಪಕ್ಷವಿರಬಾರದೆಂದು ಸ್ವರಾಜ್ಯ ಪಕ್ಷವನ್ನು ತೊರೆದರು. ಆದರೆ ಸರಕಾರಕ್ಕೂ ಮಣಿಯಲಿಲ್ಲ. 1928ರ ಸಪ್ಟೆಂಬರದಲ್ಲಿ ಸಾರ್ವಜನಿಕ ರಕ್ಷಣಾ ಮಸೂದೆಗೆ ಪರವಾಗಿ 61, ವಿರುದ್ಧವಾಗಿ 61 ಮತಗಳು ಬಂದವು. ಉಳಿದುದು ಅಧ್ಯಕ್ಷರ ಒಂದೇ ಮತ. ಅದು ವಿರುದ್ಧವಾಗಿ ಬಿತ್ತು, ಮಸೂದೆಯೂ ಬಿದ್ದಿತು. ಮರುವರ್ಷ ಸರಕಾರವು ಅದನ್ನು ಮತ್ತೆ ತಂದಾಗ, ಮೀರತ್ ಮೊಕದ್ದಮೆಯು ನ್ಯಾಯಾಲಯದಲ್ಲಿರುವವರೆಗೆ ಚರ್ಚೆ ಸಲ್ಲದೆಂದು ನಿಯಮವನ್ನೇ ಮುಂದೊಡ್ಡಿ ತಡೆದರು. ಕೊನೆಗೆ ವೈಸರಾಯರು ಸುಗ್ರೀವಾಜ್ಞೆಯ ಮೊರೆಹೋಗಬೇಕಾಯಿತು.

1930ರಲ್ಲಿ ಪೀಠವನ್ನು ತ್ಯಜಿಸಿ ಸೆರೆಮನೆ ಕಂಡರು. 1933ರ ಅಕ್ಟೋಬರ 22ರಂದು ಜಿನೀವಾದ ಬಳಿ ತೀರಿಕೊಂಡರು. ಅವರ ದೇಹವನ್ನು ಹಡಗಿನಲ್ಲಿ ಮುಂಬಯಿಗೆ ತಂದು ಇಲ್ಲಿಯೇ ದಹನ ಮಾಡಲಾಯಿತು.